ವಸೂಲಿಗೂ ರಜೆ ಕೊಡಿ

“ಇಷ್ಟು ದುಡ್ಡು ಸುರಿದು ಬಂದಿದ್ದೀವಿ, ಸುಮ್ನೆ ಕೂತ್ಕೊಳ್ಳೋಕಾ?” ಥಾಯ್ಲೆಂಡಿನ ಫುಕೆಟ್‌ಗೆ ಹೋದ ನಮ್ಮವರ ಬಾಯಲ್ಲಿ ಬೆಳಗಿನ ತಿಂಡಿ ಹೊತ್ತಿಗೇ ಬರುವ ಮಾತಿದು. ಬಫೆಯಲ್ಲಿಟ್ಟದ್ದೆಲ್ಲ ತಟ್ಟೆಗೆ ಬೀಳಬೇಕು, ಒಂದೇ ದಿನಕ್ಕೆ ನಾಲ್ಕು ದ್ವೀಪ ಮುಗಿಯಬೇಕು, ಕೆಂಪು ಬಾವುಟ ಹಾರುತ್ತಿದ್ದರೂ ಸಮುದ್ರಕ್ಕೆ ಇಳಿಯಲೇಬೇಕು. ಕೊಟ್ಟ ಕಾಸಿಗೆ ತಕ್ಕ ಮಾಲು ಕೇಳುವುದು ತಪ್ಪಲ್ಲ. ಸಂತೆಯಲ್ಲಿ ಅದು ಜಾಣತನವೇ. ಆದರೆ ರೆಸಾರ್ಟಿಗೆ ಕಟ್ಟಿದ ಹಣದಲ್ಲಿ ಕೋಣೆ, ಹಾಸಿಗೆ, ಊಟ ಮಾತ್ರ ಸೇರಿವೆ. ಬಿಸಿಲು, ಅಲೆ, ಅಲ್ಲಿನ ಜನ ಆ ಬಿಲ್ಲಿನಲ್ಲಿಲ್ಲ. ಬೀಚ್ ರಜೆ ಕೆಡುವುದು ಬಹುಪಾಲು ಇದನ್ನು ಮರೆತಾಗಲೇ.

ಬಾವುಟದ ಮಾತು ಕೇಳಿ

ಪಟಾಂಗ್, ಕರೋನ್, ಕಾಟಾ ಬೀಚುಗಳು ಪಶ್ಚಿಮಕ್ಕೆ, ಅಂಡಮಾನ್ ಸಮುದ್ರಕ್ಕೆ ಮುಖ ಮಾಡಿವೆ. ನಮ್ಮ ಕರಾವಳಿಯಂತೆ ಅಲ್ಲಿಯೂ ಮಳೆ ತರುವುದು ನೈಋತ್ಯ ಮಾರುತವೇ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಲು ಒರಟು. ಕೋಣೆ ಬಾಡಿಗೆ ಇಳಿಯುವುದೂ ಅದೇ ಕಾಲದಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ಹೋದವರು ನೀರಿಗಿಳಿಯದ ದಿನಗಳಿಗೂ ಸಿದ್ಧರಾಗಿರಬೇಕು. ಕೆಂಪು ಬಾವುಟ ಕಂಡರೆ ಮೊಣಕಾಲುದ್ದದ ನೀರಿಗೂ ಹೋಗಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ ಲೈಫ್‌ಗಾರ್ಡ್‌ಗಳ ಕಣ್ಣಿರುತ್ತದೆ. ಈಜುವುದಿದ್ದರೆ ಅಲ್ಲಿ ಮಾತ್ರ.

ಒಡೆಯುವ ಅಲೆಗಳ ನಡುವೆ ಒಂದು ಜಾಗ ಮಾತ್ರ ಶಾಂತವಾಗಿ ಕಂಡರೆ ಮಕ್ಕಳನ್ನು ಅಲ್ಲಿಗೇ ಬಿಡುವವರಿದ್ದಾರೆ. ದಡಕ್ಕೆ ಬಂದ ನೀರು ಒಟ್ಟಾಗಿ ಹಿಂದಕ್ಕೆ ನುಗ್ಗುವ ದಾರಿ ಬಹಳ ಸಲ ಅದೇ ಆಗಿರುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರೀಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆಗದಿದ್ದರೆ ತೇಲುತ್ತಾ ಕೈಯೆತ್ತಿ ಕೂಗಿ.

ಇದೇ ದ್ವೀಪದ ಮೈ ಖಾವೊ ಬೀಚಿನಲ್ಲಿ 2004ರ ಡಿಸೆಂಬರ್ 26ರ ಬೆಳಗ್ಗೆ ಟಿಲ್ಲಿ ಸ್ಮಿತ್ ಎಂಬ 10 ವರ್ಷದ ಇಂಗ್ಲಿಷ್ ಹುಡುಗಿ ಅಪ್ಪ ಅಮ್ಮನ ಜೊತೆ ನಡೆಯುತ್ತಿದ್ದಳು. ನೀರು ನೊರೆಗಟ್ಟಿ ವಿಚಿತ್ರವಾಗಿ ಉಕ್ಕುತ್ತಿತ್ತು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠ ಕೇಳಿದ್ದ ಅವಳು ಹಟ ಹಿಡಿದು ಎಚ್ಚರಿಸಿದಳು. ಅಪ್ಪ ಹೋಟೆಲಿನ ಕಾವಲುಗಾರನಿಗೆ ಹೇಳಿದರು, ಬೀಚ್ ಖಾಲಿಯಾಯಿತು, ಜನ ಉಳಿದರು. ಹುಡುಗಿಯ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ರಜೆಯ ಖುಷಿಯಲ್ಲಿದ್ದೂ ಮಗುವಿನ ಮಾತಿಗೆ ಕಿವಿಗೊಟ್ಟ ದೊಡ್ಡವರದೂ ಅಷ್ಟೇ ದೊಡ್ಡ ಗುಣ. ಈಗ ಫುಕೆಟ್‌ನ ಬೀಚುಗಳ ಬಳಿ ಸುನಾಮಿ ಬಂದರೆ ಓಡಬೇಕಾದ ದಾರಿಯ ಫಲಕಗಳಿವೆ. ಕೋಣೆ ಸೇರಿದ ದಿನವೇ ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ.

ಬಿಸಿಲಿಗೆ ಮಿತಿ ಹಾಕಿ

“ನಮ್ದು ಕಪ್ಪು ಚರ್ಮ, ಏನೂ ಆಗಲ್ಲ” ಎನ್ನುವವರ ಭುಜದ ಸಿಪ್ಪೆ ಎರಡು ದಿನದಲ್ಲಿ ಏಳುತ್ತದೆ. ಕಪ್ಪು ಬಣ್ಣ ಸ್ವಲ್ಪ ಕಾಪಾಡುತ್ತದೆ, ಪೂರ್ತಿ ಅಲ್ಲ. ನೀರಿನಲ್ಲಿ ತಂಪೆನಿಸುವುದರಿಂದ ಸುಡುವುದು ಗೊತ್ತಾಗುವುದಿಲ್ಲ, ಮೋಡವಿದ್ದರೂ ಸುಡುತ್ತದೆ. ಬೆಳಗ್ಗೆ 10ರೊಳಗೆ, ಸಂಜೆ 4ರ ಮೇಲೆ ಬೀಚು. ನಡುವಿನ ಹೊತ್ತು ನೆರಳು, ಊಟ, ನಿದ್ದೆ. ತುಂಬುತೋಳಿನ ಈಜುಡುಗೆ ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆಯೂ ಹಚ್ಚಬೇಕು. ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್‌ನಂಥ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಹವಳಕ್ಕೆ ಮಾರಕವೆಂದು ಥಾಯ್ಲೆಂಡ್ 2021ರಲ್ಲಿ ತನ್ನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿದೆ. ಕೊಳ್ಳುವ ಮುನ್ನ ಟ್ಯೂಬಿನ ಹಿಂಬದಿ ಓದಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಊರಿನಿಂದಲೇ ನಾಲ್ಕಾರು ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಬಿಯರು ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಮೊದಲೇ ಕೇಳಿ, ಆಮೇಲೆ ಜಗಳ ಬೇಡ

ಸಸ್ಯಾಹಾರಿಗಳು ‘ವೆಜ್’ ಎಂದಷ್ಟೇ ಹೇಳಿ ನೆಮ್ಮದಿಯಾಗಿರುವಂತಿಲ್ಲ. ತರಕಾರಿಯ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಎಂದು ಕೇಳಿ: ಮಾಂಸ, ಮೀನು, ಮೊಟ್ಟೆ ಯಾವುದೂ ಇರದ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟ ಅಡುಗೆ ಅದು. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದ ಬಾವುಟ ತೂಗಿದ ಅಂಗಡಿಗಳಲ್ಲಿ ಸಿಗುತ್ತದೆ.

ಜೆಟ್ ಸ್ಕೀ ಬಾಡಿಗೆಗೆ ಪಡೆದು ಮರಳಿಸುವಾಗ “ಈ ಗೀರು ನಿಮ್ಮದೇ” ಎಂಬ ತಕರಾರು ಅಲ್ಲಿ ಹಳೆಯದು. ಹತ್ತುವ ಮುನ್ನ ಮಾಲೀಕನ ಎದುರಿಗೇ ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಪಾಸ್‌ಪೋರ್ಟನ್ನು ಯಾರಿಗೂ ಅಡ ಇಡಬೇಡಿ. ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದರೆ ವಿಮೆಯ ಹಣ ಸಿಗುವುದು ಕಷ್ಟ. ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್ 1669. ಎರಡನ್ನೂ ಮೊಬೈಲಿಗೆ ಸೇರಿಸಿಡಿ.

ಯಾರೂ ಗುರುತಿಸದ ಊರಿನಲ್ಲಿ

ನೆರೆಹೊರೆಯ ಕಣ್ಣಿಲ್ಲದ ಕಡೆ ನಾವು ಹೇಗಿರುತ್ತೇವೆ ಎಂಬುದೇ ನಡತೆಯ ನಿಜವಾದ ಪರೀಕ್ಷೆ. ಈಜುಡುಗೆಯಲ್ಲಿರುವ ಅಪರಿಚಿತರನ್ನು ಜೂಮ್ ಮಾಡಿ ತೆಗೆಯುವುದು ‘ತಮಾಷೆ’ ಅಲ್ಲ, ಅಸಭ್ಯತೆ. ದೇವಾಲಯಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ಬುದ್ಧನ ಮೂರ್ತಿಯತ್ತ ಕಾಲು ಚಾಚಬೇಡಿ. ಮುದ್ದಿಗೂ ಅಲ್ಲಿನ ಮಕ್ಕಳ ತಲೆ ಸವರಬೇಡಿ. ಇ-ಸಿಗರೇಟು ಆ ದೇಶದಲ್ಲಿ ನಿಷಿದ್ಧ. ಹವಳದ ಚೂರು ನೆನಪಿಗೆಂದೂ ತರಬೇಡಿ.

ವಸೂಲಿ ಬುದ್ಧಿ ಕೊನೆಗೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಫುಕೆಟ್‌ನಿಂದ ದೋಣಿಯಲ್ಲಿ ತಲುಪುವ ಮಾಯಾ ಬೇ ಸಾಕ್ಷಿ. 2000ದಲ್ಲಿ ಬಂದ ‘ದಿ ಬೀಚ್’ ಸಿನಿಮಾದಿಂದ ಹೆಸರಾದ ಆ ಕೊಲ್ಲಿಗೆ ದಿನಕ್ಕೆ ಸಾವಿರಾರು ಮಂದಿ ನುಗ್ಗಿ, ದೋಣಿಗಳ ಲಂಗರಿಗೆ ಹವಳ ಪುಡಿಯಾಯಿತು. 2018ರ ಜೂನ್‌ನಲ್ಲಿ ಸರ್ಕಾರ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಮತ್ತೆ ತೆರೆಯುವ ಹೊತ್ತಿಗೆ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಮರಳಿ ಬಂದಿದ್ದವು. ಈಗ ದೋಣಿಗಳು ಹಿಂಬದಿಯಲ್ಲಿ ನಿಲ್ಲುತ್ತವೆ, ಕೊಲ್ಲಿಯಲ್ಲಿ ಈಜುವಂತಿಲ್ಲ. ಕಡಲಿಗೇ ರಜೆ ಬೇಕಾಯಿತೆಂದರೆ ನಮಗೆ ಬೇಡವೇ? ದಿನಕ್ಕೊಂದೇ ಜಾಗ ನೋಡಿ. ಉಳಿದದ್ದನ್ನು ‘ತಪ್ಪಿಹೋಯಿತು’ ಎನ್ನದೆ ‘ಬಿಟ್ಟೆವು’ ಎನ್ನಲು ಕಲಿಯಿರಿ.

ಈ ಅಭ್ಯಾಸಕ್ಕೆ ಫುಕೆಟ್‌ವರೆಗೇ ಹೋಗಬೇಕೆಂದಿಲ್ಲ. ಮುಂದಿನ ಸಲ ಮಲ್ಪೆಯಲ್ಲೋ ಗೋಕರ್ಣದಲ್ಲೋ ಲೈಫ್‌ಗಾರ್ಡ್ ಸೀಟಿ ಊದಿದರೆ ಮೊದಲು ದಡಕ್ಕೆ ಬನ್ನಿ. ಯಾಕೆಂದು ಆಮೇಲೆ ಕೇಳಿ.