ಅವಳಿಗೆ ಗೊತ್ತಿಲ್ಲವೇ?



ತರೀಕೆರೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೆರೆ ಏರಿಯ ಕುರಿಮರಿಗಳ ಆ ನಾಲಿಗೆ ತೊಡರುವ ಮಾತು. ಶಾಲೆಯಲ್ಲಿ ನೀವೂ ಹೇಳಿ ತಡವರಿಸಿರಬಹುದು. ಅದಾದರೂ ಅಭ್ಯಾಸದಿಂದ ಬರುತ್ತದೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ಗಂಡಸರ ನಾಲಿಗೆ ನಿಜವಾಗಿ ತೊಡರುವುದು ಇನ್ನೊಂದು ಸಣ್ಣ ಮಾತಿಗೆ: "ನಿನ್ನ ಮೇಲೆ ನನಗೆ ಪ್ರೀತಿಯಿದೆ." ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಎತ್ತನ್ನು ಹೆಸರು ಹಿಡಿದು ಕರೆದು ಮೈದಡವುವವರು, ಹೆಂಡತಿಯನ್ನು ಮಾತ್ರ "ಇವಳೇ" ಎನ್ನುತ್ತಾರೆ!

ಇಂಥವರನ್ನು ತೆರೆಯ ಮೇಲೆ ಕಂಡರೆ ನಮಗೆ ನಗು. ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ನಟಿಸಿದ 'ಒಂದು ಮೊಟ್ಟೆಯ ಕಥೆ' (2017) ಚಿತ್ರದ ಜನಾರ್ದನ ಕನ್ನಡ ಉಪನ್ಯಾಸಕ. ಮಾತೇ ಅವನ ಕಸುಬು. ಆದರೂ ಬೋಳುತಲೆಯ ಕೀಳರಿಮೆಯಿಂದ ಹೆಣ್ಣಿನ ಮುಂದೆ ಮನಸ್ಸು ಬಿಚ್ಚಲು ಅಳುಕು. ನಾವು ನಗುತ್ತೇವೆ, ಆ ಅಳುಕು ನಮಗೂ ಗೊತ್ತು. ಮನಸ್ಸು ತೆರೆದವನನ್ನು ಎದುರಿನವರು ಬೇಡ ಎನ್ನಬಹುದು. ಆದ್ದರಿಂದಲೇ ಪ್ರೀತಿಯ ಮಾತಿಗೆ ಧೈರ್ಯ ಬೇಕು.

ಇಂಥ ಸಿನಿಮಾ ಕಥೆಗಳು ಸಾಮಾನ್ಯವಾಗಿ ಮದುವೆಗೆ ಮುಗಿಯುತ್ತವೆ. ನಮ್ಮ ಮನೆಗಳಲ್ಲಿ ಮೌನ ಅಲ್ಲಿಂದಲೇ ಶುರುವಾಗುತ್ತದೆ. ಕೇಳಿದರೆ, "ಫಾದರ್, ತೆಂಗು, ಅಡಿಕೆ, ಈರುಳ್ಳಿ ಅಂತ ವರ್ಷವೆಲ್ಲ ದುಡಿಯೋದು ಯಾರಿಗಾಗಿ? ಅವಳಿಗೆ ಗೊತ್ತಿಲ್ವಾ?" ಎನ್ನುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಬಾಯಲ್ಲಿ ಪ್ರೀತಿ, ಕೈಯಲ್ಲಿ ಏಟು ಇರುವ ಮನೆಗಳೂ ಇವೆ. ದುಡಿಮೆಯಿಲ್ಲದ ಮಾತು ಪೊಳ್ಳು, ನಿಜ. ಹಾಗಾದರೆ ದುಡಿಮೆ ಇರುವಾಗ ಮಾತೇಕೆ?

ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಪೇತ್ರನನ್ನು, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಪೇತ್ರನೂ, ನಿಮಗೇ ಗೊತ್ತಲ್ಲ ಎಂದ. ಅವರಿಗೆ ಗೊತ್ತಿತ್ತು. ಆದರೂ ಬಾಯಿಬಿಟ್ಟು ಹೇಳಿಸಿದರು. ಮೂರು ಸಲ ಅಲ್ಲಗಳೆದ ಬಾಯಿಗೆ ಮೂರು ಸಲ ಹೇಳುವ ಅವಕಾಶ ಕೊಟ್ಟರು. ಜೊತೆಗೇ ಕುರಿಗಳನ್ನು ಮೇಯಿಸುವ ಕೆಲಸವನ್ನೂ ಒಪ್ಪಿಸಿದರು. ಮಾತೂ ಬೇಕು, ಕೆಲಸವೂ ಬೇಕು. ದುಡಿಮೆಯ ಫಲ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. 'ನೀನು' ಎಂದು ಒಬ್ಬಳನ್ನೇ ಕುರಿತು ಹೇಳಲು ಮಾತೇ ಬೇಕು.

ವಿವಾಹದ ಸಮ್ಮತಿಯನ್ನು ಮಾತಿನಲ್ಲೇ ವ್ಯಕ್ತಪಡಿಸಬೇಕೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆ (ವಿಧಿ 1104) ಹೇಳುತ್ತದೆ. ಮಾತನಾಡಲಾಗದವರಿಗೆ ಮಾತ್ರ ಸನ್ನೆ ಸಾಕು. ಅಂದು ಬಲಿಪೀಠದ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದವರು ಮನೆಯಲ್ಲಿ ಮೂಕರಾಗುವುದೇಕೆ?

ಎಷ್ಟೋ ಅಂತ್ಯಸಂಸ್ಕಾರಗಳಲ್ಲಿ ನಿಂತಿದ್ದೇನೆ. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಗಂಡಂದಿರು ಬಿಕ್ಕಿ ಬಿಕ್ಕಿ ಹೇಳುವ ಮಾತುಗಳನ್ನು ಕೇಳಿದ್ದೇನೆ. ಎಂಥ ಒಳ್ಳೆಯ ಮಾತುಗಳು! ಕೇಳಿ ಮುಗುಳ್ನಗಲು ಅವಳಿರುವುದಿಲ್ಲ.

ಸಹೋದರರೇ, ಇಂದು ಸಂಜೆ ಜಪಸರ ಮುಗಿದ ಮೇಲೆ ಅವಳನ್ನು ಹೆಸರು ಹಿಡಿದು ಕರೆಯಿರಿ. ಸಿನಿಮಾದ ಮಾತು ಬೇಡ. "ನೀನಿರೋದಕ್ಕೆ ಈ ಮನೆ ನಡೀತಿದೆ" ಎಂದರೂ ಸಾಕು. ನಾಲಿಗೆ ತೊಡರಿದರೆ ತೊಡರಲಿ. ಸಹೋದರಿಯರೇ, ಆಗ ದಯವಿಟ್ಟು ಗೇಲಿ ಮಾಡಬೇಡಿ. ಆ ತೊದಲು ಮಾತಿಗೆ ಅವರು ಎಷ್ಟೋ ವರ್ಷಗಳಿಂದ ಧೈರ್ಯ ಕೂಡಿಸುತ್ತಿದ್ದಾರೆ.