ಬಡತನ, ಹಂಗು ಮತ್ತು ಶರಣರ ಸಮಾಜ

ಬಡತನವೆಂದರೆ ಹಣದ ಕೊರತೆಯಷ್ಟೇ ಅಲ್ಲ, ಇನ್ನೊಬ್ಬರ ಹಂಗಿನಲ್ಲಿ ಬದುಕಬೇಕಾದ ಸ್ಥಿತಿಯೂ ಹೌದು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಎರಡನ್ನೂ ಒಟ್ಟಿಗೆ ಎದುರಿಸಿದರು. ಅವರಲ್ಲಿ ದುಡಿಮೆ ಎಲ್ಲರಿಗೂ ಕಡ್ಡಾಯ. ಗುರುವಿಗೂ ವಿನಾಯಿತಿ ಇರಲಿಲ್ಲ. ಅಗತ್ಯಕ್ಕೆ ಮಿಕ್ಕಿದ್ದು ದಾಸೋಹಕ್ಕೆ ಸಲ್ಲಬೇಕಿತ್ತು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ಸೇವಕ. ಆದ್ದರಿಂದ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ.

ಶರಣೆ ಆಯ್ದಕ್ಕಿ ಲಕ್ಕಮ್ಮ ಈ ವಿಚಾರವನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದಳು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಬಡವರು ಇದ್ದುದರಲ್ಲೇ ತೃಪ್ತರಾಗಿರಲಿ ಎಂಬ ಉಪದೇಶವನ್ನು ಇದರಲ್ಲಿ ಕಾಣುವುದು ಆಕೆಗೆ ಮಾಡುವ ಅನ್ಯಾಯ. ಲಕ್ಕಮ್ಮನದು ಸ್ವಂತ ನಿರ್ಧಾರ, ಯಾರೂ ಹೇರಿದ್ದಲ್ಲ. ಸಂಪತ್ತಿಗೆ ಬೇಡವೆನ್ನುವ ಆ ದಿಟ್ಟತನವೇ ಆಕೆಯ ಸ್ವಾತಂತ್ರ್ಯ. ಹೇರಿದ ಬಡತನದಲ್ಲಿ ಇಂಥ ಆಯ್ಕೆಗೆ ಎಡೆಯೇ ಇಲ್ಲ.

ಹೀಗೆ ಹಂಗು ಕಳಚಿದ ಶರಣರು ಜಾತಿಯ ಕಟ್ಟನ್ನೂ ಪ್ರಶ್ನಿಸಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅಧಿಕಾರ ಇದನ್ನು ಸಹಿಸಲಿಲ್ಲ. ಪರಂಪರೆ ಹೇಳುವಂತೆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು. ಶರಣರು ಕಲ್ಯಾಣವನ್ನು ತೊರೆದು ಚದುರಿದರು.