ಯಾವುದು ಕೆಲಸ?

ದುಡಿಮೆ, ಗೆಯ್ಮೆ, ಕಸುಬು, ಕಾಯಕ, ಕೂಲಿ, ಚಾಕರಿ, ಬಿಟ್ಟಿ. ಕೆಲಸ ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎಷ್ಟೊಂದು ನೆಂಟರು! ಕೂಲಿ ಎಂದಾಗ ಹಣ ನೆನಪಾಗುತ್ತದೆ, ಚಾಕರಿ ಎಂದಾಗ ಯಜಮಾನ, ಬಿಟ್ಟಿ ಎಂದಾಗ ಅನ್ಯಾಯ. ಮೈ ಬಗ್ಗಿಸಿ ದುಡಿಯುವುದು ಎಲ್ಲದರಲ್ಲೂ ಒಂದೇ. ಆದರೆ ಯಾವ ಹೆಸರಿಟ್ಟು ಕರೆಯುತ್ತೇವೆ ಎಂಬುದರ ಮೇಲೆ ದುಡಿದವರ ಮಾನ ನಿಂತಿದೆ.

ವಿಜ್ಞಾನಕ್ಕೂ ತನ್ನದೇ ಆದ ಅರ್ಥವಿದೆ. ಒಂದು ವಸ್ತುವಿನ ಮೇಲೆ ಬಲ ಹಾಕಿದಾಗ ಅದು ಆ ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಕೆಲಸ ಎಂದು ಶಾಲೆಯ ಪಾಠ ಹೇಳುತ್ತದೆ. ಹಮಾಲಿಯೊಬ್ಬ 50 ಕಿಲೋ ಅಕ್ಕಿ ಮೂಟೆ ಹೊತ್ತು ಬಿಸಿಲಲ್ಲಿ ಅರ್ಧ ಗಂಟೆ ನಿಂತರೂ ಆ ಲೆಕ್ಕದಲ್ಲಿ ಮೂಟೆಯ ಮೇಲೆ ನಡೆದ ಕೆಲಸ ಸೊನ್ನೆ. ಅವನ ಬೆವರು ಸುಳ್ಳೇ? ಅಲ್ಲ. ಅವನ ಸ್ನಾಯುಗಳು ಶಕ್ತಿ ವ್ಯಯಿಸುತ್ತಲೇ ಇರುತ್ತವೆ ಎಂದು ಅದೇ ವಿಜ್ಞಾನ ಒಪ್ಪುತ್ತದೆ. ಫ್ರಾನ್ಸಿನ ಕೊರಿಯೋಲಿಸ್ 1829ರಲ್ಲಿ ಈ ಪದಕ್ಕೆ ಖಚಿತ ಅರ್ಥ ಕೊಟ್ಟಿದ್ದು ಯಂತ್ರಗಳ ಸಾಧನೆಯನ್ನು ಅಳೆಯಲು, ಮನುಷ್ಯರ ಯೋಗ್ಯತೆಯನ್ನು ತೂಗಲು ಅಲ್ಲ. 10 ಮೀಟರ್ ಆಳದ ಬಾವಿಯಿಂದ 10 ಲೀಟರ್ ನೀರು ಸೇದಿದರೆ ನೀರಿನ ಲೆಕ್ಕದಲ್ಲಿ ಸುಮಾರು 980 ಜೂಲ್ ಕೆಲಸ. ಸೇದಿದವರು ಗಂಡಸೋ ಹೆಂಗಸೋ, ಸಂಬಳ ಸಿಕ್ಕಿತೋ ಇಲ್ಲವೋ ಎಂದು ಭೌತಶಾಸ್ತ್ರ ಕೇಳುವುದಿಲ್ಲ.

ಕೇಳುವುದು ಸಮಾಜ. ಬೆಳಕು ಹರಿಯುವ ಮುನ್ನ ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗುವ ಗೃಹಿಣಿಯನ್ನು ‘ಏನು ಕೆಲಸ ಮಾಡ್ತೀರಮ್ಮ?’ ಎಂದು ಕೇಳಿ ನೋಡಿ. ‘ಏನಿಲ್ಲ, ಮನೇಲೇ ಇದ್ದೀನಿ’ ಎನ್ನುತ್ತಾಳೆ. ನಮ್ಮ ಜನಗಣತಿಯೂ ಅದನ್ನೇ ಬರೆದುಕೊಂಡಿತು. ಮನೆವಾರ್ತೆ ನೋಡಿಕೊಳ್ಳುವವರು ಅದರ ಪ್ರಕಾರ ‘ಕೆಲಸಗಾರರಲ್ಲದವರು’. 2001ರ ಗಣತಿಯಲ್ಲಿ ಅವರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಕಟುವಾಗಿ ಟೀಕಿಸಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವುದೇ ಬೇರೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಹಾಗೆ ತೊಡಗುವ ಗಂಡಸರು ವ್ಯಯಿಸುವುದು 97 ನಿಮಿಷ.

ವಿಚಿತ್ರವೆಂದರೆ, ಈ ಕೆಲಸಕ್ಕೆ ಬೆಲೆ ಕಟ್ಟುವ ಪ್ರಸಂಗ ಹೆಚ್ಚಾಗಿ ಬರುವುದು ಆಕೆ ಸತ್ತ ಮೇಲೆ, ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ. 2001ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಲೆಕ್ಕ ಹಾಕಿತು. 2021ರ ಜನವರಿಯಲ್ಲಿ ಮತ್ತೊಂದು ತೀರ್ಪು ಮೇಲಿನ ಸಮೀಕ್ಷೆಯ ಅಂಕಿಗಳನ್ನೇ ಮುಂದಿಟ್ಟು, ಗೃಹಿಣಿಯ ಶ್ರಮಕ್ಕೆ ಆದಾಯ ನಿಗದಿ ಮಾಡುವುದನ್ನು ಆಕೆಗೆ ಸಲ್ಲಬೇಕಾದ ಮನ್ನಣೆ ಎಂದು ಕಂಡಿತು. ಬದುಕಿದ್ದಾಗ ‘ಸುಮ್ಮನೆ ಇದ್ದವಳು’, ಸತ್ತ ಮೇಲೆ ದುಡಿದವಳಾದಳು!

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ. ತಾಯಿಯ ಕೈತುತ್ತಿಗೆ ದರ ನಿಗದಿ ಮಾಡಬೇಕೇ? ಪ್ರೀತಿಯಿಂದ ಮಾಡುವುದನ್ನು ಕೆಲಸವೆಂದರೆ ಅದರ ಸೊಗಸು ಕೆಡುವುದಿಲ್ಲವೇ? ನಾವು ಈ ಅಳುಕನ್ನು ತಳ್ಳಿಹಾಕುವುದಿಲ್ಲ. ಆದರೆ ಒಂದು ಮಾತು ಕೇಳಬೇಕು. ಮಕ್ಕಳ ಮೇಲಿನ ಪ್ರೀತಿಗಾಗಿಯೇ ತಂದೆ ಊರು ಬಿಟ್ಟು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಾನೆ. ಅವನದು ಕೆಲಸವೆಂದು ಕರೆದರೆ ಅವನ ಪ್ರೀತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಪ್ರೀತಿ ಮತ್ತು ದುಡಿಮೆ ಅವನಲ್ಲಿ ಒಟ್ಟಿಗೆ ಇರಬಹುದಾದರೆ ಆಕೆಯಲ್ಲಿ ಏಕೆ ಇರಬಾರದು?

ನಮ್ಮ ಪರಂಪರೆ ಇದನ್ನು ಬಲ್ಲದು. ಹನ್ನೆರಡನೆಯ ಶತಮಾನದ ಶರಣರು ದೇಹವೆಂಬ ಅರ್ಥದ ‘ಕಾಯ’ದಿಂದ ಬಂದ ಕಾಯಕವನ್ನು ಪೂಜೆಯ ಸ್ಥಾನಕ್ಕೇರಿಸಿದರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ಒಲೆಯ ಮುಂದೆಯೇ ನೀತಿ ನುಡಿದವಳು. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಮಂದಿಯ ಸೇವೆಯಲ್ಲಿ ತೊಡಗಿರುತ್ತಿದ್ದರು ಎಂದು ಹಝ್ರತ್ ಆಯಿಶಾ ಹೇಳಿದ್ದು ಹದೀಸಿನಲ್ಲಿದೆ.

ಅರಬಿಯಲ್ಲಿ ಕೆಲಸಕ್ಕೆ ‘ಅಮಲ್’ ಎನ್ನುತ್ತಾರೆ. ಅದು ಕನ್ನಡಕ್ಕೆ ಎರಡು ವೇಷಗಳಲ್ಲಿ ಬಂದಿತು: ಅಧಿಕಾರ ನಡೆಸುವ ‘ಅಮಲ್ದಾರ’, ತಲೆಗೇರುವ ‘ಅಮಲು’. ಯಾವುದು ಕೆಲಸ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ದುಡಿಯುವವರಿಂದ ದೂರ ಕುಳಿತಾಗ ಈ ಎರಡು ಅರ್ಥಗಳೂ ಒಂದಾಗಿಬಿಡುತ್ತವೆ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇ. 90ರಷ್ಟು ಮಹಿಳೆಯರು ಹೊರಗಿನ ಕೆಲಸವನ್ನೂ ಮನೆಗೆಲಸವನ್ನೂ ಒಂದು ದಿನ ನಿಲ್ಲಿಸಿದಾಗ ಆ ದೇಶದ ಅಮಲು ಇಳಿಯಿತು. ಮರುವರ್ಷವೇ ಅಲ್ಲಿ ಸಮಾನತೆಯ ಕಾನೂನು ಬಂತು.

ಹಣ ಒಂದು ದಾರಿ. ಕರ್ನಾಟಕದಲ್ಲಿ 2023ರಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆ ಬಂದಾಗ ಅದನ್ನು ಕೆಲವರು ನೆರವು ಎಂದರು, ಕೆಲವರು ಬಿಟ್ಟಿ ಎಂದರು. ಬಿಟ್ಟಿ ಎಂಬ ಪದ ಅಲ್ಲಿ ಯಾರಿಗೆ ಸಲ್ಲಬೇಕು? ಪಡೆದ ಹಣಕ್ಕೋ, ಅಷ್ಟು ವರ್ಷ ಕೂಲಿಯಿಲ್ಲದೆ ನಡೆದ ದುಡಿಮೆಗೋ? ಈ ಪ್ರಶ್ನೆಗೆ ಉತ್ತರಿಸುವುದಕ್ಕೆ ಸರಕಾರವೇ ಬೇಕೆಂದಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದಿಡುವ ಗಂಡುಮಗನೂ ಉತ್ತರಿಸಬಲ್ಲ.